ಮೀನಖಂಡದ ಗಂಟು

ಅಳತೆ ಮಾಸ್ತರರ ಬಾಯಿಗೆ ಬೀಗವಿರಲಿಲ್ಲ. ಬೀದಿಗೆಲ್ಲ ಬಟ್ಟೆ ಹೊಲಿಯುತ್ತಿದ್ದ ಅವರು ಅಂಗಡಿಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಈ ಕೈಯಿಂದ ಇವತ್ತಿನವರೆಗೆ ಒಂದು ಸೂಜಿ ಕಳೆದಿಲ್ಲ." ಕಾಲ ಮೇಲೆ ಕಾಲು ಹಾಕಿ ಕೂತು ಕೈಹೊಲಿಗೆ ಹಾಕುವಾಗ, ಸೂಜಿಯನ್ನು ಪೈಜಾಮದ ಹಿಂಬದಿಗೆ, ಮೀನಖಂಡದ ಬಳಿ ಸಿಕ್ಕಿಸಿಟ್ಟುಕೊಳ್ಳುವುದು ಅವರ ಅಭ್ಯಾಸ. ಹೆಂಡತಿ ಬೈದರೆ, "ನನ್ನ ಕಾಲು, ನನ್ನ ಸೂಜಿ. ನಿನ್ನ ಗಂಟೇನು ಹೋಯ್ತು?" ಎನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಸೂಜಿಯೊಂದು ಕಾಣೆಯಾಯಿತು. ಆ ಹೊತ್ತಿಗೆ ಎದುರುಮನೆಯ ಮಗುವಿನ ಫ್ರಾಕಿಗೆ ಗುಂಡಿ ಹಚ್ಚುತ್ತಿದ್ದವಳು ಸೊಸೆ. ಬೇರೆ ವಿಚಾರಣೆಯೇ ಬೇಡವಾಯಿತು. "ಮಗು ಹಾಕ್ಕೊಳೋ ಬಟ್ಟೇಲಿ ಸೂಜಿ ಬಿಟ್ಟಿದೀಯಲ್ಲ, ಮೈಮೇಲೆ ಎಚ್ಚರ ಇದೆಯಾ?" ಎಂದು ಗಿರಾಕಿಗಳ ಮುಂದೆಯೇ ಕೂಗಾಡಿದರು. ಫ್ರಾಕಿನ ಹೊಲಿಗೆಯೆಲ್ಲ ಬಿಚ್ಚಿದರೂ ಸೂಜಿ ಸಿಗಲಿಲ್ಲ. ಅಂದಿನಿಂದ ಸೊಸೆಗೆ ಬಟ್ಟೆ ಇಸ್ತ್ರಿ ಮಾಡಿ ಮನೆಮನೆಗೆ ಮುಟ್ಟಿಸುವ ಕೆಲಸ ಮಾತ್ರ. ಎದುರುಮನೆಯಾಕೆ ಅವಳ ಕಣ್ಣೆದುರೇ ಪ್ರತಿ ಮಡಿಕೆಯನ್ನೂ ತಡವಿ ನೋಡಿ ಒಳಗಿಡುತ್ತಿದ್ದಳು.

ಕೆಲವು ವಾರಗಳಲ್ಲಿ ಮಾಸ್ತರರ ಮೀನಖಂಡದಲ್ಲಿ ಗಂಟೊಂದು ಎದ್ದಿತು. ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು. ಹೆಂಡತಿ ಉಜ್ಜಲು ಎಣ್ಣೆ ತಂದಾಗ ತಡೆದವಳೂ ಸೊಸೆಯೇ. "ಏನು ಅಂತ ಗೊತ್ತಾಗದೆ ಉಜ್ಜಬೇಡಿ ಅತ್ತೆ. ನಡೀರಿ ಮಾವ, ಡಾಕ್ಟರ ಹತ್ರ ಹೋಗೋಣ."

ಡಾಕ್ಟರು ಒತ್ತಿ ನೋಡಿದರು. "ಸ್ನಾಯು ಹಿಡ್ಕೊಂಡು ಗಂಟಾಗಿರಬಹುದು. ಏಟು ಬಿದ್ದು ಒಳಗೆ ರಕ್ತ ಕಟ್ಟಿರಬಹುದು, ಕೀವೂ ಆಗಿರಬಹುದು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ರೆ ಅಪಾಯ, ಉಜ್ಜದೆ ಇದ್ದಿದ್ದು ಒಳ್ಳೇದಾಯ್ತು. ಅಪರೂಪಕ್ಕೆ ಗೆಡ್ಡೆನೂ ಇರುತ್ತೆ." ಗೆಡ್ಡೆ ಎಂದದ್ದೇ ತಡ, ಮಾಸ್ತರರು ಈಗಲೇ ಎಕ್ಸ್‌ರೇ ತೆಗೆಯಿರೆಂದು ಹಟ ಹಿಡಿದರು.

ಎಕ್ಸ್‌ರೇ ಬಂತು. ಬೆಳಕಿಗೆ ಹಿಡಿದರೆ ಮಾಂಸದ ನಡುವೆ ಸೂಜಿ, ಕಣ್ಣಿನ ಸಮೇತ.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ರೀ!" ಎಂದು ಹೆಂಡತಿ ನಕ್ಕಳು. ಆ ದಿನ ಇರುವೆ ಕಚ್ಚಿತೆಂದು ಕಾಲು ಕೊಡವಿಕೊಂಡದ್ದು ಮಾಸ್ತರರಿಗೆ ಈಗ ನೆನಪಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾಚಿಕೆಯಿಂದ ಸೊಸೆಯ ಕಡೆ ಮುಖ ಎತ್ತಲಾಗಲಿಲ್ಲ.

ಸೂಜಿ ತೆಗೆಸಿಕೊಂಡು, ಗಾಯ ಮಾಯುವ ಮೊದಲೇ ಕುಂಟುತ್ತ ಸೊಸೆಯ ಜೊತೆ ಎದುರುಮನೆಗೆ ಹೋದರು. ಆ ಮನೆಯಾಕೆ ಎಂದಿನಂತೆ, ಸೊಸೆ ತಂದ ಬಟ್ಟೆಯ ಮಡಿಕೆಗೆ ಕೈ ಹಾಕಿದಳು.

"ತಡವಬೇಡಿ ಅಮ್ಮ. ಆ ಸೂಜಿ ನನ್ನ ಕಾಲಲ್ಲೇ ಇತ್ತು. ಇವಳದೇನೂ ತಪ್ಪಿಲ್ಲ" ಎಂದು ಮಾಸ್ತರರು ಪೈಜಾಮ ಎತ್ತಿ ತೋರಿಸಿದರು. ಆಕೆ ಬಿದ್ದು ಬಿದ್ದು ನಕ್ಕಳು. ಸೊಸೆ ನಗಲಿಲ್ಲ.

ಹಿಂದಿರುಗುವಾಗ ಮಾಸ್ತರರು, "ನಾಳೆಯಿಂದ ಗುಂಡಿ ನೀನೇ ಹಚ್ಚಮ್ಮ" ಎಂದರು.

"ನಾನೇ ಬಿಟ್ಟೆ ಅಂತ ನನಗೇ ನಂಬಿಕೆ ಬಂದ್ಬಿಟ್ಟಿತ್ತು ಮಾವ. ನಮ್ಮ ಪಾಪೂನ ಮಲಗಿಸೋಕೆ ಮುಂಚೆ ಹಾಸಿಗೆ ಎಲ್ಲಾ ತಡವಿ ನೋಡ್ತೀನಿ. ಈಗ್ಲೂ."

ಮಾಸ್ತರರು ರಸ್ತೆಯಲ್ಲೇ ನಿಂತುಬಿಟ್ಟರು.

"ಕಾಲು ನೋಯ್ತಿದ್ಯಾ ಮಾವ?" ಎಂದು ಸೊಸೆ ಕೈ ಹಿಡಿದಳು.

ಹೌದೆಂದು ಸುಳ್ಳು ಹೇಳಿದರು.