ಗುರವ್ವನ ಬೀಗ

ಅನ್ನಪೂರ್ಣೇಶ್ವರಿ ನಗರದ ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಹದಿನೆಂಟು ತಗಡಿನ ಶೆಡ್ಡುಗಳಿದ್ದವು. ಹದಿನೇಳಕ್ಕೆ ಬೀಗವೇ ಇರಲಿಲ್ಲ. ಕದಿಯುವಂಥದ್ದು ಏನಿತ್ತು, ಬಾಗಿಲಿಗೆ ಹಗ್ಗ ಸುತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಬೀಗವಿದ್ದದ್ದು ಗುರವ್ವನ ಶೆಡ್ಡಿಗೆ ಮಾತ್ರ. ಎಲ್ಲರ ಆಧಾರ್, ರೇಷನ್ ಕಾರ್ಡುಗಳು ಅವಳ ಟ್ರಂಕಿನಲ್ಲಿದ್ದವು.

ಯಾದಗಿರಿ ಕಡೆಯವಳು. ಹನ್ನೊಂದು ವರ್ಷದಿಂದ ಇಲ್ಲಿ ಗಾರೆ ಕೆಲಸ. ನಮ್ಮ ಬೀದಿಯ ಅರ್ಧ ಮನೆಗಳಿಗೆ ಇಟ್ಟಿಗೆ ಹೊತ್ತಿದ್ದಾಳೆ, ನಮ್ಮ ಮಹಡಿಯ ಕೋಣೆಗೂ. ಓದು ಬಾರದು, ಬಾಯಿ ಜೋರು. ನಾನು ರಿಟೈರಾದ ಕನ್ನಡ ಟೀಚರು. ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಮೊದಲ ಅರ್ಜಿಯಲ್ಲಿ "ದಯಮಾಡಿ ಮನೆ ಕೊಡಿಸಬೇಕಾಗಿ" ಎಂದು ಬರೆದು ಓದಿದ್ದೇ ತಡ, ರೇಗಿದಳು.

"ದಯಾ ಯಾಕ್ರೀ ಟೀಚರ? ಊರ ಮಂದಿಗೆಲ್ಲ ಮನಿ ಕಟ್ಟೇವಿ. ನಮಗೊಂದು ಸೂರು ಅನ್ನೋದು ಹಕ್ಕರಿ. ಹಂಗ ಬರೀರಿ."

ಬರೆದೆ. ಎರಡು ವರ್ಷ ಅಲೆದ ಮೇಲೆ, ಸೋಮವಾರ ಶೆಡ್ಡುಗಳ ಸರ್ವೆ ಎಂದು ಆದೇಶ ಬಂತು. ನಂಬರ್ ಸಿಕ್ಕ ಶೆಡ್ಡಿನವರಿಗೆ ಕೆಂಗೇರಿಯ ಆಚೆ ಮನೆ, ಉಳಿದವರು ಜಾಗ ಖಾಲಿ ಮಾಡಬೇಕು. "ಸೋಮವಾರ ಯಾರೂ ಕೆಲಸಕ್ಕ ಹೋಗಬ್ಯಾಡ್ರಿ" ಎಂದು ಗುರವ್ವ ಎಲ್ಲರನ್ನೂ ದಬಾಯಿಸಿದಳು.

ಸೋಮವಾರ ಬೆಳಿಗ್ಗೆಯೇ ಕಾರ್ಡುಗಳನ್ನೆಲ್ಲ ಹಂಚಿದಳು. ಶಾಂತವ್ವನ ಕಾರ್ಡಿನಲ್ಲಿ ಹೆಸರು ತಪ್ಪಿತ್ತು. ಅದಕ್ಕೊಂದು ಪತ್ರ ಬರೆಸಲು ನಮ್ಮ ಮನೆಗೆ ಓಡಿ ಬಂದಳು. ಟ್ರಂಕು ಖಾಲಿ, ಆದರೂ ಕೈ ಅಭ್ಯಾಸದಂತೆ ಬೀಗ ಹಾಕಿಯೇ ಬಂದಿದ್ದಳು. ಪತ್ರ ಮುಗಿಯಿತು, ಎದ್ದಳು. "ಹತ್ತು ಗಂಟೆಗೆ ಮುಂಚೆ ಯಾವ ಆಫೀಸಿನವರು ಬರ್ತಾರೆ? ಕಾಫಿ ಕುಡ್ಕೊಂಡು ಹೋಗು" ಎಂದು ಕೂರಿಸಿದವಳು ನಾನೇ. ನನ್ನ ಬಾಯಿಗಿಷ್ಟು ಬೆಂಕಿ ಹಾಕಬೇಕು.

ನಾವು ಹೋಗುವಷ್ಟರಲ್ಲಿ ಹದಿನೇಳು ಶೆಡ್ಡುಗಳ ಮೇಲೆ ನಂಬರ್ ಬಿದ್ದಿತ್ತು. ಅವಳು ಇಲ್ಲೇ ಇರುವವಳೆಂದು ಎಲ್ಲರೂ ಬಾಯಿ ಬಡಿದುಕೊಂಡರಂತೆ, ಕರೆಯಲು ಹೊರಡುವಷ್ಟರಲ್ಲೇ ಬೀಗದ ಫೋಟೋ ತೆಗೆದಾಗಿತ್ತಂತೆ.

"ಬೀಗ ಇದ್ರೆ ವಾಸ ಇಲ್ಲ ಅಂತ ಹಾಕ್ಬೇಕು ಮೇಡಂ. ಫೋಟೋ ಅಪ್‌ಲೋಡ್ ಆಗೋಯ್ತು, ನನ್ ಕೈಲಿ ಏನೂ ಇಲ್ಲ" ಎಂದ ಸರ್ವೆಯವನು. ಪಾಪ, ಅವನ ಮುಖವೂ ಸಣ್ಣಗಾಗಿತ್ತು.

ನಾಲ್ಕು ಆಕ್ಷೇಪಣೆ ಕೊಟ್ಟೆವು. ನಾಲ್ಕಕ್ಕೂ ಸ್ವೀಕೃತಿಯ ಸೀಲು ಬಿತ್ತು, ಅಷ್ಟೇ. ಹದಿನೇಳು ಸಂಸಾರಗಳು ಅವಳನ್ನು ತಬ್ಬಿಕೊಂಡು ಅತ್ತು, ಟೆಂಪೊ ಹತ್ತಿ ಹೋದವು. ಮರುದಿನ ಅವಳ ಶೆಡ್ಡನ್ನು ಜೆಸಿಬಿ ಕೆಡವಿತು.

ತಲೆಯ ಮೇಲೆ ಟ್ರಂಕು ಹೊತ್ತು ನಮ್ಮ ಗೇಟಿನ ಹತ್ತಿರ ಬಂದಳು. ಕೈಯಲ್ಲಿ ಬೀಗವಿತ್ತು.

"ಇನ್ನ ಇದನ್ನ ಯಾವ ಬಾಗಲಕ್ಕ ಹಾಕಲಿರಿ ಟೀಚರ?"

ಅವಳು ಇಟ್ಟಿಗೆ ಹೊತ್ತು ಕಟ್ಟಿದ ನಮ್ಮ ಮಹಡಿಯ ಕೋಣೆ ಖಾಲಿಯೇ ಇತ್ತು. ಅವಳೂ ಒಮ್ಮೆ ತಲೆಯೆತ್ತಿ ಆ ಕಡೆ ನೋಡಿದಳು.

"ಇನ್ನೊಂದು ಅರ್ಜಿ ಬರೀತೀನಿ ಗುರವ್ವ" ಎಂದೆ.