ಹೆಣ್ಣು ನೋಡಲು ಹೋದ ನನ್ನ ಹೊಟ್ಟೆ

ನನ್ನ ಮೈ ಭಾರಿ ಜಿಪುಣ. ಬರೀ ಗಾಳಿ ಕುಡಿದರೂ ಅರ್ಧ ಉಳಿಸಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಮೊಣಕಾಲು ನೋವಿಗೆ ತೂಕ ಇಳಿಸಿರಿ ಎಂದು ಡಾಕ್ಟರು ಹೇಳಿದ ಮೇಲೆ ಸೋಮವಾರದ ಉಪವಾಸ ಹಿಡಿದೆ. ಅಂಥ ಒಂದು ಸೋಮವಾರ, ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಉಪವಾಸದ ಸಾಬೂದಾಣಿ ಖಿಚಡಿ ತಿನ್ನುತ್ತಿದ್ದೆ. ಬಾಜೂಕ ಕುಳಿತಿದ್ದ ಕಡ್ಡಿಯಂಥ ತರುಣ ನಾಲ್ಕು ರೊಟ್ಟಿ ಮುಗಿಸಿ ಕುಂದಾ ಮಿಠಾಯಿಯ ಡಬ್ಬಿ ತೆರೆದ.

“ಇಷ್ಟು ತಿಂದದ್ದು ಎಲ್ಲಿಗೆ ಹೋಗತೈತೋ ತಮ್ಮಾ?”

“ನನಗೂ ಗೊತ್ತಿಲ್ರೀ ಕಾಕಾ. ಹೋದ ಸಲ ಹೆಣ್ಣು ನೋಡಾಕ ಹೋದಾಗ, ಏನರ ಬ್ಯಾನಿ ಐತೇನಂತ ಕೇಳಿ ಬ್ಯಾಡ ಅಂದ್ರು. ಇವತ್ತ ಮತ್ತ ಹೊಂಟೀನಿ. ನೀವೂ ಬರ್ರಿ. ನನ್ನ ಬಾಜೂಕ ನೀವು ಕುಂತ್ರ, ನಮ್ಮ ಕಡೀ ಮಂದಿ ಉಂಡು ತಿಂದವರು ಅಂತ ನಂಬ್ತಾರ.”

ಮೊದಲು ನಗು ಬಂತು. ಆಮೇಲೆ ಯೋಚನೆಗೆ ಬಿದ್ದೆ. ನನ್ನನ್ನು ಜನ ತಿಂಡಿಪೋತ ಅನ್ನುತ್ತಾರೆ, ಅವನನ್ನು ರೋಗಿ. ಅವನ ಮೈ ಒಲೆ, ನನ್ನದು ಕಣಜ. ಎರಡನ್ನೂ ನಾವು ಕಟ್ಟಿಸಿದ್ದಲ್ಲ. ಅವನ ಜೋಡಿ ಹೋದೆ.

ಹುಡುಗಿ ಇಬ್ಬರನ್ನೂ ಬಹಳ ಹೊತ್ತು ನೋಡಿ ಅವ್ವನಿಗೆ ಹೇಳಿದಳು: “ತೆಳ್ಳಗ ಇದ್ರ ಇರಲಿ ಬಿಡವ್ವಾ. ಮುಂದ ಈ ಕಾಕಾನಂಗ ಆಗದಿದ್ರ ಸಾಕು.”

ಆ ಸಂಬಂಧ ಕೂಡಿಸಿದ್ದು ನನ್ನ ಹೊಟ್ಟೆಯೇ. ಮದುವೆ ಸೋಮವಾರ ಬಂದರೆ ಮಾತ್ರ ಉಪವಾಸದ ವಾರ ಬದಲಿಸುತ್ತೇನೆ.