ಹೆಸರಿಲ್ಲದ ವರದಿಗಾರ ಈರಭದ್ರಪ್ಪ

೧೯೭೯ರ ಅಕ್ಟೋಬರ್ ೩ನೆಯ ತಾರೀಖು ಬುಧವಾರ, ಅಜ್ಜಂಪುರದ ಈರಭದ್ರಪ್ಪನವರ ಮನೆಗೆ ಚಿಕ್ಕಮಗಳೂರಿನಿಂದ ಒಂದು ಕಾರ್ಡು ಬಂದಿತು. ಅವರು ಸುದ್ದಿ ಕಳಿಸುತ್ತಿದ್ದ ದಿನಪತ್ರಿಕೆಯ ಸಂಪಾದಕರು ಅದನ್ನು ಬರೆದಿದ್ದರು. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಊರುಗಳಿಗೆ ಸೇರಿದಂತೆ ಬರುವ ಜನವರಿ ೧ರಿಂದ ಒಬ್ಬ ಕಾಯಂ ವರದಿಗಾರನನ್ನು ನೇಮಿಸುವುದಾಗಿಯೂ, ಅವನ ವರದಿಗಳ ತಲೆಯ ಮೇಲೆ ಅವನ ಹೆಸರನ್ನು ಅಚ್ಚು ಹಾಕಿಸುವುದಾಗಿಯೂ ತಿಳಿಸಿದ್ದರು. ಕಡೆಯ ಸಾಲು ಮಾತ್ರ ಗಂಟಲಿಗೆ ಸಿಕ್ಕಿಕೊಳ್ಳುವಂತಿತ್ತು: ‘ತಮ್ಮ ಸುದ್ದಿಗಳು ಅದೇ ದಿನ ಶಿವಮೊಗ್ಗೆಯ ಪತ್ರಿಕೆಯಲ್ಲೂ ಬರುತ್ತಿರುವುದೇಕೆ ಎಂಬುದನ್ನು ಮೊದಲು ವಿಚಾರಿಸಿಕೊಳ್ಳತಕ್ಕದ್ದು.’

ಈರಭದ್ರಪ್ಪನವರು ೧೯೭೨ರ ಜುಲೈ ೧ರಿಂದ ಆ ಪತ್ರಿಕೆಯ ಅಜ್ಜಂಪುರದ ಬಾತ್ಮೀದಾರರು. ಅಚ್ಚಾದಷ್ಟು ಸಾಲಿಗೆ ಪುಡಿಗಾಸು ಬರುತ್ತಿತ್ತೇ ಹೊರತು ಸಂಬಳವಿರಲಿಲ್ಲ. ಪಡಸಾಲೆಯ ಕಿಟಕಿಯ ಬಳಿಯ ಮೇಜೇ ಅವರ ಕಚೇರಿ. ಹೊಲಮನೆ ನೋಡಿಕೊಳ್ಳುತ್ತಿದ್ದವರು ಹೆಂಡತಿ ಕರಿಬಸಮ್ಮನವರು. ಮನೆಯಲ್ಲಿ ಕೂತು ಕೆಲಸ ಮಾಡುವವನನ್ನು ಊರು ಕೆಲಸವಿಲ್ಲದವನೆಂದೇ ಎಣಿಸುತ್ತದೆ. ವಾಕ್ಯವೊಂದು ಅರ್ಧಕ್ಕೆ ಬಂದಿರುವಾಗಲೇ ಅಡಿಗೆಮನೆಯಿಂದ, “ಸುಮ್ನೆ ಕೂತಿದೀರಲ್ಲ, ಆ ಎಮ್ಮೆ ಒಂದಿಷ್ಟು ಮೇಯಿಸ್ಕೊಂಡ್ ಬರ್ರಿ” ಎಂಬ ಮಾತು ಕೇಳಿಬರುತ್ತಿತ್ತು.

ಚಿಕ್ಕಮಗಳೂರಿನಲ್ಲಂತೂ ಅವರ ಮುಖ ಬಲ್ಲವರಿರಲಿಲ್ಲ. ೧೯೭೪ರಲ್ಲಿ ಒಮ್ಮೆ ಎಳನೀರಿನ ಗೊನೆಯೊಂದಿಗೆ ಕಚೇರಿಗೆ ಹೋದಾಗ ಸಂಪಾದಕರು ಊರಲ್ಲಿರಲಿಲ್ಲ. ಎಳನೀರು ಯಾರು ಕುಡಿದರೋ ತಿಳಿಯಲಿಲ್ಲ. ಪ್ರತಿ ಯುಗಾದಿಗೂ ಶುಭಾಶಯದ ಕಾರ್ಡು ಕಳಿಸುತ್ತಿದ್ದರು. ಪ್ರತಿ ವರದಿಯ ನೆತ್ತಿಯ ಮೇಲೂ ಕೆಂಪು ಶಾಯಿಯಲ್ಲಿ ತಮ್ಮ ಹೆಸರು ಬರೆಯುತ್ತಿದ್ದರು. ಅಚ್ಚಾಗುವಾಗ ಅಲ್ಲಿ ‘ನಮ್ಮ ಬಾತ್ಮೀದಾರರಿಂದ’ ಎಂದಿರುತ್ತಿತ್ತು. ಊರವರಿಗಾದರೂ ತಾವು ಯಾರೆಂದು ಗೊತ್ತಾಗಲೆಂದು, ಸುದ್ದಿಯನ್ನು ಕವರಿಗೆ ಹಾಕುವ ಮುನ್ನ ಜಗಲಿಗೆ ಬಂದು ಗಟ್ಟಿಯಾಗಿ ಒಮ್ಮೆ ಓದುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ದಾರಿಹೋಕರು ನಿಂತು ಕೇಳುತ್ತಿದ್ದರು. ಕವರನ್ನು ಒಯ್ಯಲು ಬರುತ್ತಿದ್ದ ಬಸ್ ಕಂಡಕ್ಟರ್ ಲಕ್ಕಣ್ಣನೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕರಿಬಸಮ್ಮನವರು ಕೊಟ್ಟ ಕಾಫಿ ಕುಡಿಯುತ್ತ ಕೇಳುತ್ತಿದ್ದನು.

ಆ ಕವರು ಕಡೂರಿನಲ್ಲಿ ಬಸ್ಸು ಬದಲಾಯಿಸಬೇಕಾಗಿತ್ತು. ಅಲ್ಲಿ ಅದನ್ನು ಇಳಿಸಿಕೊಂಡು ಚಿಕ್ಕಮಗಳೂರಿನ ಬಸ್ಸಿಗೆ ಏರಿಸುತ್ತಿದ್ದವರು ಬುಕಿಂಗ್ ಏಜೆಂಟ್ ಮಹಮ್ಮದ್ ಹನೀಫ್. ಶಿವಮೊಗ್ಗೆಯ ಪತ್ರಿಕೆಗೆ ಬರೆಯುತ್ತಿದ್ದ ಬಸವರಾಜನೂ ಕಡೂರಿನವನೇ. ಕಾರ್ಡನ್ನು ಓದಿ ಮುಗಿಸುವ ಮೊದಲೇ ಈರಭದ್ರಪ್ಪನವರ ಮನಸ್ಸು ಇವರಿಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿಹಾಕಿತ್ತು.

“ಆ ಹನೀಫ ಕವರು ಬಿಚ್ತಾನೆ ಕಣೇ. ಆವಿಗೆ ಹಿಡಿದ್ರೆ ಅಂಟು ಬಿಡುತ್ತೆ.”

“ನೀವು ನೋಡಿದ್ರಾ?” ಎಂದರು ಕರಿಬಸಮ್ಮನವರು.

“ನೋಡೋ ಹಾಗೆ ಮಾಡ್ತಾನೇನೇ ಕಳ್ಳ?”

“ಹೋದ್ವರ್ಷ ಪೋಸ್ಟ್‌ಮ್ಯಾನ್ ಮೇಲೆ ಹೀಗೇ ಅಂದ್ರಿ. ಅದರ ಹಿಂದೆ ನಮ್ಮಣ್ಣನ ಮೇಲೆ.”

ಅಂದಿನಿಂದ ಕವರಿನ ಬಾಯಿಗೆ ಗೋಂದಿನ ಬದಲು ಗಟ್ಟಿ ಮೈದಾ ಅಂಟು ಬಿತ್ತು. ಸುದ್ದಿ ಸೋರುವುದು ಮಾತ್ರ ನಿಲ್ಲಲಿಲ್ಲ. ನವೆಂಬರ್ ೮ರ ಗುರುವಾರ ಈರಭದ್ರಪ್ಪನವರು ತಾವೇ ಕಡೂರಿಗೆ ಹೋಗಿ, ಬಸ್ ನಿಲ್ದಾಣದ ಎಳನೀರಿನ ರಾಶಿಯ ಮರೆಯಲ್ಲಿ ನಿಂತರು. ಹನೀಫರೂ ಬಸವರಾಜನೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತ ನಗುತ್ತಿದ್ದರು. ಲಕ್ಕಣ್ಣನೂ ಪಕ್ಕದಲ್ಲಿ ನಿಂತು ಟೀ ಕುಡಿಯುತ್ತಿದ್ದನು. ಈರಭದ್ರಪ್ಪನವರ ಕಣ್ಣು ಮಾತ್ರ ಹನೀಫರ ಕಂಕುಳಲ್ಲಿದ್ದ ಕವರುಗಳನ್ನು ಬಿಟ್ಟು ಕದಲಲಿಲ್ಲ. ಬೇರೆ ಸಾಕ್ಷಿ ಬೇಕಿಲ್ಲವೆಂದು ಅವರಿಗೆ ತೋರಿತು.

ಕಳ್ಳನನ್ನು ಹಿಡಿದುಕೊಟ್ಟರೆ ಹುದ್ದೆ ತಮಗೇ ಎಂದು ಅವರು ಲೆಕ್ಕ ಹಾಕಿದರು. ಒಂದು ಸುಳ್ಳು ಸುದ್ದಿಯನ್ನು ಕವರಿನಲ್ಲಿ ಕಳಿಸುವುದು. ಅದು ಶಿವಮೊಗ್ಗೆಯಲ್ಲಿ ಅಚ್ಚಾದರೆ ಕಳವು ರುಜುವಾತಾದಂತೆ. ತಮ್ಮ ಪತ್ರಿಕೆ ಅದನ್ನು ಹಾಕದ ಹಾಗೆ ಸಂಪಾದಕರಿಗೆ ಟ್ರಂಕ್ ಕಾಲ್ ಮಾಡಿ ಮೊದಲೇ ತಿಳಿಸಿಬಿಡುವುದು. ಹೀಗೆ ನಿಶ್ಚಯಿಸಿ, ನವೆಂಬರ್ ೧೩ರ ಮಂಗಳವಾರ ಬೆಳಿಗ್ಗೆ ಬರೆದದ್ದು ಇಷ್ಟು: ಊರವರ ಬಹುಕಾಲದ ಕೋರಿಕೆಯಂತೆ, ಇದೇ ೧೬ರ ಶುಕ್ರವಾರದಿಂದ ಹುಬ್ಬಳ್ಳಿಯ ಕಡೆ ಹೋಗುವ ಎಕ್ಸ್‌ಪ್ರೆಸ್ ರೈಲು ಅಜ್ಜಂಪುರದಲ್ಲಿ ನಿಲ್ಲುವುದು.

ಗುಟ್ಟು ಹೊರಬೀಳಬಾರದೆಂದು ಆ ದಿನ ಜಗಲಿಯಲ್ಲಿ ಓದಲಿಲ್ಲ.

“ಯಾಕ್ ಸಾಮಿ, ಇವತ್ತು ಓದಲ್ವಾ?” ಎಂದು ಕೇಳಿದನು ಲಕ್ಕಣ್ಣ.

“ಗಂಟಲು ಕಟ್ಟಿದೆ. ತಗೊಂಡು ಹೋಗಪ್ಪ.”

ಅಂಚೆ ಕಚೇರಿಯಲ್ಲಿ ಬಹಳ ಹೊತ್ತು ಕಾದ ಮೇಲೆ ಚಿಕ್ಕಮಗಳೂರು ಸಿಕ್ಕಿತು. ಫೋನು ಎತ್ತಿದವನು ಅಚ್ಚಿನ ಮೊಳೆ ಜೋಡಿಸುವ ನೌಕರ.

“ಸಂಪಾದಕರು ಊಟಕ್ಕೆ ಹೋಗವ್ರೆ. ಏನು ಹೇಳ್ಬೇಕು?”

“ಅಜ್ಜಂಪುರದ ಈರಭದ್ರಪ್ಪ ಅಂತ ಹೇಳಿ.”

“ಯಾವ ಈರಭದ್ರಪ್ಪ? ಜಾಹೀರಾತಿನೋರಾ?”

ಏಳು ವರ್ಷ ತಮ್ಮ ಕೈಬರಹವನ್ನು ಅಚ್ಚಿಗೆ ಜೋಡಿಸಿದವನು ಕೇಳಿದ ಪ್ರಶ್ನೆಯದು. ಈರಭದ್ರಪ್ಪನವರ ತಲೆಗೆ ಮರುಕ್ಷಣವೇ ಇನ್ನೊಂದು ಅನುಮಾನ ಹೊಕ್ಕಿತು: ಸುದ್ದಿ ಸೋರುವುದು ಕಡೂರಿನಲ್ಲೇ ಎಂದು ಹೇಗೆ ಹೇಳುವುದು? ಈ ಮೊಳೆ ಜೋಡಿಸುವವನೇ ಯಾಕಾಗಿರಬಾರದು? ಇವನ ಕಿವಿಗೆ ಬಲೆಯ ವಿಷಯ ಹಾಕಿದರೆ ಬಲೆ ಬೀಸಿ ಫಲವೇನು?

“ಏನಿಲ್ಲ. ಆಮೇಲೆ ಮಾತಾಡ್ತೀನಿ” ಎಂದು ಫೋನು ಇಟ್ಟರು. ಎರಡನೆಯ ಕರೆಯನ್ನು ಬುಕ್ ಮಾಡಿ ಕಚೇರಿ ಮುಚ್ಚುವವರೆಗೂ ಕೂತಿದ್ದರು. ಲೈನು ಸಿಗಲಿಲ್ಲ.

ಮರುದಿನ ಶಿವಮೊಗ್ಗೆಯ ಪತ್ರಿಕೆಯಲ್ಲಿ ರೈಲಿನ ಸುದ್ದಿಯ ಸುಳಿವೇ ಇರಲಿಲ್ಲ. ಚಿಕ್ಕಮಗಳೂರಿನದರಲ್ಲಿ ಮೊದಲ ಪುಟದಲ್ಲೇ ಬಂದಿತ್ತು. ತಲೆಬರಹದ ಕೆಳಗೆ ದಪ್ಪಕ್ಷರಗಳಲ್ಲಿ, ‘ಈರಭದ್ರಪ್ಪ, ಅಜ್ಜಂಪುರ’ ಎಂದಿತ್ತು. ಅವರು ಆ ಎರಡು ಪದಗಳನ್ನು ಓದಿ ಸಂತೋಷಪಟ್ಟರು. ಆಮೇಲಷ್ಟೇ ಅದರ ಕೆಳಗಿದ್ದುದೇನೆಂಬುದು ನೆನಪಾಯಿತು.

ಆ ಗಳಿಗೆಯಲ್ಲೇ ಬೀದಿಗಿಳಿದು ಸುಳ್ಳೆಂದು ಹೇಳಿಬಿಟ್ಟಿದ್ದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಹೇಳಬೇಕೆಂದೇ ಹೊರಟರು ಕೂಡ. ಹೋಟೆಲಿನ ಮುಂದೆ ಕೂತಿದ್ದ ಅಡಿಕೆ ವ್ಯಾಪಾರಿ ದೇವೀರಪ್ಪ, ಅಂದಿನವರೆಗೆ ತಿರುಗಿಯೂ ನೋಡದಿದ್ದವನು, ಎದ್ದು ನಿಂತು ಕೈಮುಗಿದನು.

“ಬರ್ರಿ ವರದಿಗಾರ್ರೇ, ಕಾಫಿ ಕುಡೀರಿ. ಊರಿಗೆ ರೈಲು ನಿಲ್ಲಿಸಿಬಿಟ್ರಲ್ಲ. ನಿಮ್ಮನ್ನ ಮನೇಲಿ ಸುಮ್ನೆ ಕೂತೋರು ಅಂದ್ಕೊಂಡಿದ್ವಿ ನಾವು.”

ಈರಭದ್ರಪ್ಪನವರು ಕಾಫಿ ಕುಡಿದರು. ಸ್ಟೇಷನ್ ಮಾಸ್ಟರು ತಮಗೆ ಅಂಥ ಆದೇಶವೇನೂ ಬಂದಿಲ್ಲವೆಂದು ಹೇಳಿದ್ದು ಸಂಜೆಗೆ ತಿಳಿದುಬಂತು. “ಅವ್ರಿಗೇನ್ ಗೊತ್ತು, ಪೇಪರ್ನಾಗೇ ಬಂದೈತೆ” ಎಂದು ಜನ ಆ ಮಾತನ್ನು ತಳ್ಳಿಹಾಕಿದರು. ಈರಭದ್ರಪ್ಪನವರು ಅಲ್ಲಿಯೂ ಬಾಯಿ ಬಿಡಲಿಲ್ಲ. ಗುರುವಾರವೂ ಹಾಗೆಯೇ ಕಳೆಯಿತು.

ಶುಕ್ರವಾರ ಸ್ಟೇಷನ್ನಿಗೆ ಬಾಳೆಕಂಬ ಬಂತು, ಓಲಗದವರು ಬಂದರು. ಎಂಜಿನ್ನಿಗೆ ಹಾಕಲು ಚೆಂಡುಹೂವಿನ ದೊಡ್ಡ ಹಾರವೊಂದನ್ನು ದೇವೀರಪ್ಪ ಹೊತ್ತು ನಿಂತಿದ್ದನು. ಈರಭದ್ರಪ್ಪನವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು. ರೈಲು ಬಂದಿತು, ಕೂಗಿತು, ಹೂವಿನ ಎಸಳುಗಳನ್ನೆಲ್ಲ ಮೇಲೆಬ್ಬಿಸಿ ನಿಲ್ಲದೆ ಹೋಗಿಬಿಟ್ಟಿತು. ಓಲಗದವನು ಊದುವುದನ್ನು ನಿಲ್ಲಿಸಲು ಮರೆತು ಇನ್ನೂ ಸ್ವಲ್ಪ ಹೊತ್ತು ಊದಿದನು. ಆಮೇಲೆ ಎಲ್ಲರೂ ಒಟ್ಟಿಗೆ ಈರಭದ್ರಪ್ಪನವರ ಕಡೆ ತಿರುಗಿದರು.

“ಯಾರ್ರೀ ಹೇಳಿದ್ದು ನಿಮಗೆ?” ದೇವೀರಪ್ಪ ಹಾರವನ್ನು ಕೆಳಗಿಟ್ಟು ಕೇಳಿದನು.

“ಇರ್ಲಿ ಬಿಡ್ರಪ್ಪ, ಈ ಹಾರ ಅವರಿಗೇ ಹಾಕಿ ಕಳಿಸಿ” ಎಂದು ಹಿಂದಿನಿಂದ ಯಾರೋ ಅಂದದ್ದಕ್ಕೆ ಪ್ಲಾಟ್‌ಫಾರಂ ತುಂಬ ನಗೆ ಹಬ್ಬಿತು.

ಮನೆಯವರೆಗೂ ಜೊತೆ ಬಂದವನು ಲಕ್ಕಣ್ಣನೊಬ್ಬನೇ. ಸಮಾಧಾನ ಮಾಡಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಅವನು ಹೇಳಿದನು: “ನೀವು ಅವತ್ತು ಓದಿದ್ರೆ ಚೆನ್ನಾಗಿತ್ತು ಸಾಮಿ. ಬಸವರಾಜಂಗೂ ಹೇಳಿರ್ತಿದ್ದೆ. ಅವ್ನೂ ಹಾಕಿರೋನು, ನೀವೊಬ್ರೇ ಬೈಸ್ಕೊಳೋದು ತಪ್ತಿತ್ತು.”

ಈರಭದ್ರಪ್ಪನವರು ನಿಂತುಬಿಟ್ಟರು. “ಬಸವರಾಜನಿಗೆ ನೀನು ಹೇಳ್ತಿದ್ಯಾ?”

“ದಿನಾ ಟೀ ಕುಡೀವಾಗ ಕೇಳ್ತಾನೆ, ‘ಅಜ್ಜಂಪುರದೋರು ಇವತ್ತು ಏನ್ ಓದಿದ್ರು ಲಕ್ಕಣ್ಣ’ ಅಂತ. ಇಡೀ ಬೀದಿ ಕೇಳೋ ಮಾತು, ಅದ್ರಾಗೆ ಏನ್ ಗುಟ್ಟು ಅಂತ ಹೇಳ್ತಿದ್ದೆ. ಬ್ಯಾಡ ಅನ್ನಿ, ನಿಲ್ಲಿಸ್ತೀನಿ.”

ನವೆಂಬರ್ ೧೯ರ ಸೋಮವಾರ ಈರಭದ್ರಪ್ಪನವರು ಚಿಕ್ಕಮಗಳೂರಿಗೆ ಹೊರಟರು. ಕಡೂರಿನಲ್ಲಿ ಬಸ್ಸು ಬದಲಾಯಿಸುವಾಗ ಹನೀಫರೇ ಎದುರಾದರು.

“ಇವತ್ತು ಕವರ್ ಇಲ್ವಾ ಸಾಮಿ? ನೀವೇ ಬಂದ್ಬಿಟ್ರಿ.”

“ಹನೀಫ್ ಸಾಹೇಬ್ರೆ, ನನ್ನ ಕವರು ಯಾವತ್ತಾದ್ರೂ ಬಿಚ್ಚಿ ನೋಡಿದ್ದೀರಾ?”

ಹನೀಫರು ಅವರನ್ನೇ ದಿಟ್ಟಿಸಿ ನೋಡಿದರು. “ಬೆಳಗಾದ್ರೆ ಪೇಪರ್ನಾಗೆ ಬರೋದನ್ನ ಇವತ್ತೇ ಕದ್ದು ಓದೋ ಅಷ್ಟು ಚೆಂದ ಬರೀತೀರಾ ಸಾಮಿ? ಹತ್ತಿ, ಬಸ್ ಹೊರಡ್ತದೆ.”

ಕ್ಷಮೆ ಕೇಳಬೇಕೆಂದು ಸಿದ್ಧಮಾಡಿಕೊಂಡಿದ್ದ ವಾಕ್ಯ ಬಾಯಲ್ಲೇ ಉಳಿಯಿತು. ಸಖರಾಯಪಟ್ಟಣ ದಾಟುವವರೆಗೂ ಅವರು ಯೋಚಿಸಿದ್ದು ಒಂದೇ: ತಪ್ಪಿಲ್ಲದವನು ಇಷ್ಟು ಚುರುಕಾಗಿ ಉತ್ತರ ಕೊಡುವುದುಂಟೇ?

ಸಂಪಾದಕರು ಕನ್ನಡಕವನ್ನು ಮೇಲೇರಿಸಿ ನೋಡಿದರು. “ನೀವೇನಾ ಈರಭದ್ರಪ್ಪ? ಕೂತ್ಕೊಳ್ಳಿ. ಕೆಲಸ ನಿಮಗೇ ಕೊಡೋದು ಅಂತ ತೀರ್ಮಾನ ಮಾಡಿ ಹೆಸರು ಹಾಕಿಸಿದ್ದೆ. ಯಾರು ಹೇಳಿದ್ರು ಆ ರೈಲಿನ ವಿಷಯ? ಒಂದು ಹೆಸರು ಹೇಳಿ ಸಾಕು. ನಿಮ್ಮನ್ನ ಯಾರೋ ದಾರಿ ತಪ್ಪಿಸಿದ್ರು ಅಂತ ಹಾಕಿ ಮುಗಿಸ್ತೀನಿ.”

ಹೆಸರುಗಳು ಈರಭದ್ರಪ್ಪನವರ ಬಳಿ ಬೇಕಾದಷ್ಟಿದ್ದವು. ಹನೀಫರದು ನಾಲಗೆಯ ತುದಿಗೂ ಬಂದಿತ್ತು. ಆ ಒಂದು ಹೆಸರಿಗೆ ಜನವರಿಯ ಹುದ್ದೆ ಉಳಿದುಕೊಳ್ಳುತ್ತಿತ್ತು.

“ಯಾರೂ ಹೇಳ್ಲಿಲ್ಲ ಸಾರ್. ನಾನೇ ಕಟ್ಟಿ ಬರೆದೆ” ಎಂದರು. ಬಲೆಯ ಕತೆಯನ್ನೂ ಲಕ್ಕಣ್ಣ ಹೇಳಿದ್ದನ್ನೂ ಒಂದಕ್ಷರ ಬಿಡದೆ ತಿಳಿಸಿದರು.

ಸಂಪಾದಕರು ಪೂರ್ತಿ ಕೇಳಿ, “ಇನ್ನು ಕೆಲಸ ಕೊಡೋಕಾಗಲ್ಲ. ಮೊದಲಿನ ಹಾಗೆ ಸಾಲಿನ ಲೆಕ್ಕಕ್ಕೆ ಬೇಕಾದ್ರೆ ಬರೀರಿ. ಈಗ ತಿದ್ದುಪಡಿ ಬರೆದುಕೊಡಿ” ಎಂದು ಮೂಲೆಯ ಮೇಜನ್ನು ತೋರಿಸಿದರು.

ಆ ಕಚೇರಿಯ ಮೇಜಿನ ಮುಂದೆ ಈರಭದ್ರಪ್ಪನವರು ಕೂತದ್ದು ಅದೇ ಮೊದಲು. ಸುದ್ದಿ ಸುಳ್ಳು, ಬರೆದವನು ತಿಳಿದೇ ಬರೆದದ್ದು, ಊರವರನ್ನು ಎರಡು ದಿನ ಎಚ್ಚರಿಸದೆ ಇದ್ದದ್ದು ಅವನದೇ ತಪ್ಪು ಎಂದು ನೇರವಾಗಿ ಬರೆದರು. ಸಂಪಾದಕರು ಅದನ್ನು ಓದಿ, ಒಂದು ವಿಶೇಷಣವನ್ನು ಹೊಡೆದುಹಾಕಿದರು.

“ಕೆಳಗೆ ‘ಸಂಪಾದಕ’ ಅಂತ ಹಾಕ್ತೀನಿ. ನಿಮ್ಮ ಹೆಸರು ಬೇಡ, ಊರಲ್ಲಿ ತಲೆ ಎತ್ತಿ ತಿರುಗಬೇಕಲ್ಲ.”

“ಬೇಡ ಸಾರ್. ನನ್ನ ಹೆಸರೇ ಹಾಕಿ.”

ಸಂಪಾದಕರು ಲೇಖನಿ ಹಿಡಿದಂತೆಯೇ ಅವರ ಮುಖವನ್ನು ಅನುಮಾನದಿಂದ ನೋಡಿದರು. ಇದು ಪಶ್ಚಾತ್ತಾಪವೋ, ಹೆಸರಿನ ಮೇಲಿನ ಹಳೆಯ ಆಸೆಯೋ ಎಂಬುದು ಆ ಮುಖದಿಂದ ತಿಳಿಯುವಂತಿರಲಿಲ್ಲ. ಕಡೆಗೆ ತಲೆಬರಹದ ಕೆಳಗೆ ಈರಭದ್ರಪ್ಪನವರ ಹೆಸರನ್ನು ಬರೆದು ಮೊಳೆ ಜೋಡಿಸುವವನನ್ನು ಕೂಗಿದರು.